ಬರೆಯೋರು, ಕೊಡೋರು, ಚುಚ್ಚೋರು: ಚೀಟಿ ಔಷಧಿಯಲ್ಲಿ ಯಾರ ಕೆಲಸ ಯಾರದು?

ಮೊನ್ನೆ ಅಂಗಡಿ ಷಟರ್ ಎತ್ತಿ ಇನ್ನೂ ಊದುಬತ್ತಿ ಹಚ್ಚಿರಲಿಲ್ಲ, ಹೆಂಗಸೊಬ್ಬರು ಬಂದು ಸೆರಗಿನ ಗಂಟು ಬಿಚ್ಚಿ ಕತ್ತರಿಸಿದ ಸ್ಟ್ರಿಪ್ಪಿನ ತುಂಡೊಂದನ್ನು ಗಾಜಿನ ಮೇಲಿಟ್ಟರು. ಎರಡು ಗುಳಿ, ಎರಡೂ ಖಾಲಿ. ಔಷಧಿಯ ಹೆಸರಿನಲ್ಲಿ ಕೊನೆಯ ಮೂರಕ್ಷರ ಮಾತ್ರ ಉಳಿದಿತ್ತು. "ಅಣ್ಣ, ಪಕ್ಕದ ಮನೆಯೋರಿಗೆ ಇದ್ರಲ್ಲೇ ವಾಸಿ ಆಯ್ತು. ನಂಗೂ ಹತ್ತು ಕೊಡಿ."

ಚೀಟಿ ಕೇಳಿದೆ. "ಚೀಟಿ ಬರೆಸೋಕೆ ಇನ್ನೂರು, ಮಾತ್ರೆಗೆ ಐವತ್ತು. ನೀವೇ ಹೇಳಿ, ಯಾವ ಲೆಕ್ಕ ಇದು?"

ಅವರ ಲೆಕ್ಕಕ್ಕೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಆದರೆ ಕೌಂಟರಿನ ಹಿಂದೆ ಇಷ್ಟು ವರ್ಷ ನಿಂತ ಮೇಲೆ ಒಂದು ವಿಷಯ ತಿಳಿದಿದೆ. ನಾವು "ಡಾಕ್ಟ್ರು ಔಷಧಿ ಕೊಟ್ರು" ಅಂತ ಒಂದೇ ಉಸಿರಿನಲ್ಲಿ ಹೇಳುವುದನ್ನು ಕಾನೂನು ಮೂರು ಬೇರೆ ಬೇರೆ ಕೆಲಸವಾಗಿ ನೋಡುತ್ತದೆ: ಬರೆಯುವುದು, ಕೊಡುವುದು, ಮೈಗೆ ಹಾಕುವುದು. ಒಂದಕ್ಕೆ ಅಧಿಕಾರ ಇದ್ದವರಿಗೆ ಇನ್ನೊಂದಕ್ಕೆ ಇರಬೇಕೆಂದಿಲ್ಲ. ಬಹಳ ಕಷ್ಟದಲ್ಲಿ ಎಂಬಿಬಿಎಸ್ ಮುಗಿಸಿದ ವೈದ್ಯರೂ ಬೀದಿಗೆ ಮುಖ ಮಾಡಿ ಔಷಧಿ ಅಂಗಡಿ ಇಡುವಂತಿಲ್ಲ. ದಿನವಿಡೀ ಔಷಧಿಯ ನಡುವೆಯೇ ಇರುವ ನಾನು ಒಂದು ಆ್ಯಂಟಿಬಯಾಟಿಕ್ ಬರೆಯುವಂತಿಲ್ಲ. ಈ ಬೇಲಿ ಹಾಕಿರುವುದು ಮುಖ್ಯವಾಗಿ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, ಅದರ ಕೆಳಗಿನ 1945ರ ನಿಯಮಗಳು ಮತ್ತು 1948ರ ಫಾರ್ಮಸಿ ಕಾಯ್ದೆ. ನಿಮ್ಮ ಕೈಗೆ ಔಷಧಿ ಬಂದಾಗ ಏನೇನು ನೋಡಬೇಕು ಅನ್ನುವುದನ್ನು ಅದೇ ಸರದಿಯಲ್ಲಿ ಹೇಳುತ್ತೇನೆ.

ಹೆಜ್ಜೆ 1: ಮೊದಲು ಸ್ಟ್ರಿಪ್ ತಿರುಗಿಸಿ ನೋಡಿ

ಪಟ್ಟಿಯ ಎಡಭಾಗದಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ, ಮೂಲೆಯಲ್ಲಿ 'ಆರ್‌ಎಕ್ಸ್' ಗುರುತು ಇದ್ದರೆ ಅದು ಚೀಟಿ ಔಷಧಿ. ನಿಯಮದ ಭಾಷೆಯಲ್ಲಿ ಷೆಡ್ಯೂಲ್ ಎಚ್. ಕೆಮ್ಮು ಬಂದ ತಕ್ಷಣ ಎಲ್ಲರೂ ಕೇಳುವ ಅಜಿಥ್ರೋಮೈಸಿನ್ ಇದರಲ್ಲೇ ಬರುತ್ತದೆ. ಆ ಗುರುತೇ ಕೆಂಪು ಬಣ್ಣದಲ್ಲಿದ್ದು, ಎಚ್ಚರಿಕೆಯ ಮಾತು ಕೆಂಪು ಚೌಕಟ್ಟಿನೊಳಗೆ ಇದ್ದರೆ ಅದು ಷೆಡ್ಯೂಲ್ ಎಚ್1. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಪಟ್ಟಿ ಇದು. ಸೆಫಿಕ್ಸಿಮ್‌ನಂಥ ಆ್ಯಂಟಿಬಯಾಟಿಕ್, ಕ್ಷಯದ ಮಾತ್ರೆ, ಆಲ್ಪ್ರಜೋಲಮ್‌ನಂಥ ನಿದ್ದೆ ಮಾತ್ರೆ, ನೋವಿಗೆ ಕೊಡುವ ಟ್ರಮಡಾಲ್ ಎಲ್ಲ ಇದರಲ್ಲಿವೆ. ಇವನ್ನು ಮಾರಿದಾಗ ಬರೆದ ವೈದ್ಯರ ಹೆಸರು-ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟೆ ಅನ್ನುವುದನ್ನು ನಾನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಆದ್ದರಿಂದ ನಿಮ್ಮ ಹೆಸರು ಕೇಳಿದರೆ "ಯಾಕೆ, ಮದುವೆಗೆ ಕರೀತೀರಾ?" ಅಂತ ರೇಗಬೇಡಿ.

ಅದಕ್ಕೂ ಬಿಗಿಯಾದದ್ದು ಷೆಡ್ಯೂಲ್ ಎಕ್ಸ್. ಕೆಟಮಿನ್, ಮಿಥೈಲ್‌ಫೆನಿಡೇಟ್ ಇಲ್ಲಿವೆ. ಚೀಟಿ ಎರಡು ಪ್ರತಿ ಬೇಕು, ಒಂದು ಅಂಗಡಿಯಲ್ಲೇ ಎರಡು ವರ್ಷ ಉಳಿಯುತ್ತದೆ. ಎಲ್ಲ ಅಂಗಡಿಗೂ ಇದರ ಲೈಸೆನ್ಸ್ ಇರುವುದಿಲ್ಲ. ಸಿಗಲಿಲ್ಲ ಅಂತ ಊರೆಲ್ಲ ಅಲೆಯುವ ಬದಲು ಬರೆದ ವೈದ್ಯರನ್ನೇ ಎಲ್ಲಿ ಸಿಗುತ್ತದೆ ಎಂದು ಕೇಳಿ. ಕ್ಯಾನ್ಸರ್ ನೋವಿನ ಮಾರ್ಫಿನ್ ಕತೆಯೂ ಹೀಗೇ. ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿಯಿಂದ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಂಡು ಕೊಡುವುದು ಸುಲಭವಾಯಿತು. ಅದಕ್ಕಾಗಿ ಬೀದಿ ಕೊನೆಯ ಮೆಡಿಕಲ್ಸ್ ಬದಲು ನೋವು ಶಮನ ವಿಭಾಗ ಇರುವ ಆಸ್ಪತ್ರೆಯನ್ನು ಹುಡುಕಿ.

ಯಾವ ಗುರುತೂ ಇಲ್ಲದ ಪ್ಯಾರಾಸಿಟಮಾಲ್, ಒಆರ್‌ಎಸ್‌ಗೆ ಇಷ್ಟು ರಗಳೆ ಇಲ್ಲ. ಸಾವಿರಕ್ಕಿಂತ ಹೆಚ್ಚು ಜನ ಇಲ್ಲದ, ಔಷಧಿ ಅಂಗಡಿಯೂ ಇಲ್ಲದ ಹಳ್ಳಿಯಲ್ಲಿ ಕಿರಾಣಿ ಅಂಗಡಿಯವರು ಪ್ಯಾರಾಸಿಟಮಾಲ್, ಗ್ರೈಪ್ ವಾಟರ್, ನೋವಿನ ಮುಲಾಮಿನಂಥ ಕೆಲವನ್ನು, ಒಡೆಯದ ಪ್ಯಾಕಿನಲ್ಲಿ, ಲೈಸೆನ್ಸ್ ಇಲ್ಲದೆ ಮಾರಲು ನಿಯಮದಲ್ಲೇ ಅವಕಾಶವಿದೆ. ಅದೇ ಕಿರಾಣಿಯವರು ಡಬ್ಬಿಯಿಂದ ಬಿಡಿ ಆ್ಯಂಟಿಬಯಾಟಿಕ್ ತೆಗೆದು ಕಾಗದದಲ್ಲಿ ಸುತ್ತಿ ಕೊಟ್ಟರೆ ಅದು ಆ ವಿನಾಯಿತಿಯೊಳಗೆ ಬರುವುದಿಲ್ಲ.

ಹೆಜ್ಜೆ 2: ಬರೆದವರು ಯಾರು?

ಇಲ್ಲೊಂದು ದೊಡ್ಡ ತಮಾಷೆ ಇದೆ. ಕಾನೂನಿನಲ್ಲಿ 'ಆರ್‌ಎಂಪಿ' ಎಂದರೆ ರಿಜಿಸ್ಟರ್ಡ್ ಮೆಡಿಕಲ್ ಪ್ರಾಕ್ಟಿಷನರ್, ಅಂದರೆ ನೋಂದಾಯಿತ ವೈದ್ಯರು. ಚೀಟಿ ಬರೆಯುವ ಹಕ್ಕು ಇರುವುದು ಅವರಿಗೆ ಮಾತ್ರ. ಹಳ್ಳಿಯಲ್ಲಿ 'ಆರ್‌ಎಂಪಿ ಡಾಕ್ಟ್ರು' ಎಂದರೆ ಯಾವ ನೋಂದಣಿಯೂ ಇಲ್ಲದ, ಬ್ಯಾಗಿನಲ್ಲಿ ಸಿರಿಂಜು ಇಟ್ಟುಕೊಂಡು ಬೈಕಿನಲ್ಲಿ ಬರುವವರು! ಅಕ್ಷರ ಅವೇ, ಅರ್ಥ ತಲೆಕೆಳಗು.

1945ರ ನಿಯಮಗಳ ಪ್ರಕಾರ ಚೀಟಿ ಬರೆಯುವವರು ಇವರು: ರಾಜ್ಯದ ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿರುವ ಅಲೋಪತಿ ವೈದ್ಯರು, 1948ರ ದಂತವೈದ್ಯರ ಕಾಯ್ದೆಯಡಿ ನೋಂದಾಯಿಸಿದ ದಂತವೈದ್ಯರು, ಪ್ರಾಣಿಗಳ ಮಟ್ಟಿಗೆ ಪಶುವೈದ್ಯರು. ಹಲ್ಲು ಕಿತ್ತ ಮೇಲೆ ದಂತವೈದ್ಯರು ಬರೆದ ಆ್ಯಂಟಿಬಯಾಟಿಕ್ ಚೀಟಿ ನಮಗೆ ಪೂರ್ತಿ ಊರ್ಜಿತ. ಅವರೇ ನಿಮ್ಮ ಯಜಮಾನರ ಬಿಪಿ ಮಾತ್ರೆ ಬರೆದುಕೊಟ್ಟರೆ ನಾನು ಫೋನ್ ಮಾಡಿ ವಿಚಾರಿಸುತ್ತೇನೆ.

ಆಯುಷ್ ವೈದ್ಯರ ವಿಷಯದಲ್ಲಿ ಹೆಚ್ಚು ಜಗಳ. ಬಿಎಎಂಎಸ್ ಮಾಡಿದವರು ಆಯುರ್ವೇದ ಔಷಧಿ ಬರೆಯುವುದಕ್ಕೆ ಯಾರ ತಕರಾರೂ ಇಲ್ಲ. ಅಲೋಪತಿ ಔಷಧಿ ಬರೆಯಬೇಕಾದರೆ, ಅವರ ವರ್ಗವನ್ನು ಆಧುನಿಕ ವೈದ್ಯ ಪದ್ಧತಿಗೆ ಅನುಮತಿಸಿ ರಾಜ್ಯ ಸರ್ಕಾರ ಘೋಷಣೆ ಹೊರಡಿಸಿರಬೇಕು. ಸುಪ್ರೀಂ ಕೋರ್ಟ್ 1998ರಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಜತೆಗೆ, ರಾಜ್ಯದ ಕಾನೂನಿನ ಆಧಾರ ಇಲ್ಲದೆ ಬರಿ ಪದವಿಯ ಬಲದಿಂದ ಆ ಹಕ್ಕು ಬರುವುದಿಲ್ಲ ಎಂದೂ ಹೇಳಿತು. ಹೋಮಿಯೋಪತಿ ರಿಜಿಸ್ಟರನ್ನಂತೂ ನಿಯಮವೇ ಹೆಸರಿಟ್ಟು ಹೊರಗಿಟ್ಟಿದೆ. 1996ರಲ್ಲಿ ಅದೇ ಕೋರ್ಟು, ಹೋಮಿಯೋಪತಿ ವೈದ್ಯರೊಬ್ಬರು ಜ್ವರಕ್ಕೆ ಅಲೋಪತಿ ಔಷಧಿ ಕೊಟ್ಟು ರೋಗಿ ತೀರಿಕೊಂಡ ಪ್ರಕರಣದಲ್ಲಿ, ತನಗೆ ಗೊತ್ತಿಲ್ಲದ ಪದ್ಧತಿಯ ಔಷಧಿ ಕೊಡುವುದೇ ನಿರ್ಲಕ್ಷ್ಯ ಎಂದು ತೀರ್ಪಿತ್ತು ಮೂರು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ನನಗೆ ಆಯುರ್ವೇದದ ಬಗ್ಗೆ ಗೌರವ ಇದೆ, ನಮ್ಮಜ್ಜಿ ಕಷಾಯದಲ್ಲೇ ನಮ್ಮನ್ನು ಸಾಕಿದವರು. ಆದರೆ ಬೋರ್ಡಿನಲ್ಲಿ ಆಯುರ್ವೇದ, ಚೀಟಿಯಲ್ಲಿ ಬರೀ ಸೆಫಿಕ್ಸಿಮ್ ಇದ್ದರೆ, "ಇದನ್ನು ಬರೆಯಲು ನಿಮಗೆ ಅನುಮತಿ ಇದೆಯೇ ಡಾಕ್ಟ್ರೇ?" ಎಂದು ಕೇಳುವುದರಲ್ಲಿ ಅಗೌರವ ಏನೂ ಇಲ್ಲ.

ಸ್ಟಾಫ್ ನರ್ಸ್, ಫಿಸಿಯೋಥೆರಪಿಸ್ಟ್, ಕಣ್ಣು ಪರೀಕ್ಷೆ ಮಾಡಿ ಕನ್ನಡಕದ ನಂಬರ್ ಕೊಡುವವರು, ಲ್ಯಾಬಿನವರು ಯಾರೂ ಚೀಟಿ ಔಷಧಿ ಬರೆಯುವಂತಿಲ್ಲ. ಬ್ರಿಟನ್ನಿನಲ್ಲಿರುವ ಮಗಳು "ನಮ್ಮಲ್ಲಿ ನರ್ಸೇ ಬರೀತಾರೆ ಅಮ್ಮ" ಅಂದರೆ ಅದು ಸುಳ್ಳಲ್ಲ. ಅಲ್ಲಿ ವಿಶೇಷ ತರಬೇತಿ ಪಡೆದ ನರ್ಸುಗಳಿಗೂ ಫಾರ್ಮಸಿಸ್ಟುಗಳಿಗೂ ಆ ಅಧಿಕಾರವಿದೆ. ಆದರೆ ಅಲ್ಲಿನ ಚೀಟಿಯನ್ನು ವಾಟ್ಸಾಪಿನಲ್ಲಿ ತರಿಸಿ ನಮ್ಮೂರ ಅಂಗಡಿಯಲ್ಲಿ ತೋರಿಸಿದರೆ ನಡೆಯುವುದಿಲ್ಲ. ಬರೆದವರು ನಮ್ಮ ದೇಶದ ರಿಜಿಸ್ಟರಿನಲ್ಲಿ ಇಲ್ಲವಲ್ಲ.

ಸಂಶಯ ಬಂದರೆ ಪತ್ತೆ ಹಚ್ಚುವುದು ಸುಲಭ. ಚೀಟಿಯಲ್ಲಿ ಕರ್ನಾಟಕ ಮೆಡಿಕಲ್ ಕೌನ್ಸಿಲ್ಲಿನ ನೋಂದಣಿ ಸಂಖ್ಯೆ ಇರಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಕ್ಲಿನಿಕ್ಕಿನ ಗೋಡೆಯ ಮೇಲೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ, ನೋಂದಣಿ ಪತ್ರ ಇರಬೇಕು. ನೋಂದಣಿ ಇಲ್ಲದೆ ಅಲೋಪತಿ ವೈದ್ಯ ವೃತ್ತಿ ನಡೆಸಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಹೆಜ್ಜೆ 3: ಚೀಟಿಯನ್ನು ಕೊಠಡಿಯಿಂದ ಹೊರಬರುವ ಮುಂಚೆಯೇ ಓದಿ

ತಾರೀಖು, ಸಹಿ, ನಿಮ್ಮ ಹೆಸರು-ವಿಳಾಸ, ಒಟ್ಟು ಎಷ್ಟು ಮಾತ್ರೆ, ಹೊತ್ತಿಗೆ ಎಷ್ಟು. ಇಷ್ಟೂ ಬೇಕೆಂದು ನಿಯಮ 65 ಹೇಳುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದು. ವೈದ್ಯರು ಬೇರೆ ಹೇಳದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧಿ. ಕೊಟ್ಟ ಮೇಲೆ ನಾನು ಅದರ ಮೇಲೆ ಅಂಗಡಿಯ ಹೆಸರು, ತಾರೀಖು ಹಾಕುತ್ತೇನೆ. ಹಾಗಾಗಿ ಬಿಪಿ, ಥೈರಾಯ್ಡ್‌ನಂಥ ದಿನನಿತ್ಯದ ಮಾತ್ರೆ ಇರುವವರು, "ತಿಂಗಳಿಗೊಮ್ಮೆಯಂತೆ ಆರು ಸಲ" ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ. ಮೂರೇ ಪದ, ಆದರೆ ಆರು ತಿಂಗಳ ತಲೆನೋವು ತಪ್ಪುತ್ತದೆ.

ಬರೆದ ಬ್ರ್ಯಾಂಡ್ ಇಲ್ಲದಿದ್ದರೆ "ಅದೇ ಇದು, ಬೇರೆ ಕಂಪನಿ" ಅಂತ ಬದಲಿ ಕೊಡುವ ಅಧಿಕಾರವೂ ಅಂಗಡಿಗೆ ಇಲ್ಲ. ದಿನಕ್ಕೆ ಹತ್ತು ಸಲ ಮುರಿಯುವ ನಿಯಮ ಇದು, ಸುಳ್ಳು ಹೇಳುವುದಿಲ್ಲ. ದಾರಿ ಇರುವುದು ವೈದ್ಯರ ಹತ್ತಿರವೇ. ಔಷಧಿಯ ಮೂಲ ಹೆಸರನ್ನು, ಜನರಿಕ್ ಹೆಸರನ್ನು, ದೊಡ್ಡಕ್ಷರದಲ್ಲಿ ಬರೆಯಿರಿ ಎಂದು ಕೇಳಿ. ಆಗ ಜನೌಷಧಿ ಕೇಂದ್ರವೂ ನಿಮಗೆ ತೆರೆದಂತೆ.

ಫೋನಿನಲ್ಲಿ, ವಿಡಿಯೋದಲ್ಲಿ ನೋಡಿಸಿಕೊಂಡಿರಾ? 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಸಹಿ ಇರುವ ಚೀಟಿಯ ಫೋಟೊ ಸಾಕು. ಆದರೆ ಷೆಡ್ಯೂಲ್ ಎಕ್ಸ್ ಔಷಧಿ, ಆಲ್ಪ್ರಜೋಲಮ್ ತರಹದ ನಿದ್ದೆ ಮಾತ್ರೆ ದೂರದಿಂದ ಬರೆಯುವಂತಿಲ್ಲ. ಅಂಥ ಫೋಟೊ ಹಿಡಿದು ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ, ಬೈಸಿಕೊಳ್ಳುತ್ತೇನೆ.

ಹೆಜ್ಜೆ 4: ಕೈಗೆ ಕೊಡುತ್ತಿರುವವರು ಯಾರು?

ಅಂಗಡಿಯಲ್ಲಾದರೆ ನೋಂದಾಯಿತ ಫಾರ್ಮಸಿಸ್ಟ್, ಅಥವಾ ಅವರ ಕಣ್ಣೆದುರು ಇನ್ನೊಬ್ಬರು. ಫಾರ್ಮಸಿ ಕಾಯ್ದೆಯ 42ನೇ ಕಲಂ ಇದನ್ನೇ ಹೇಳುವುದು. ಬಿಳಿ ಕೋಟು, ಹೆಸರು ಮತ್ತು ನೋಂದಣಿ ಸಂಖ್ಯೆಯ ಬ್ಯಾಡ್ಜ್ ಇರಬೇಕೆಂದು 2015ರ ನಿಯಮಾವಳಿ ಸೇರಿಸಿತು.

ಡಿ.ಫಾರ್ಮಾ ಎರಡನೇ ವರ್ಷದಲ್ಲಿದ್ದಾಗ ಸಂಜೆ ಹೊತ್ತು ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಗೋಡೆಯ ಮೇಲೆ ಫಾರ್ಮಸಿಸ್ಟರ ಸರ್ಟಿಫಿಕೇಟ್ ಫ್ರೇಮಿನಲ್ಲಿತ್ತು, ಹೂವಿನ ಹಾರದ ಸಮೇತ. ಫಾರ್ಮಸಿಸ್ಟರು ಮಾತ್ರ ಬೇರೆ ಊರಿನಲ್ಲಿದ್ದರು. ತಿಂಗಳಿಗೊಮ್ಮೆ ಬಂದು ಪುಸ್ತಕಕ್ಕೆ ಸಹಿ ಹಾಕಿ ಬಾಡಿಗೆ ಎಣಿಸಿಕೊಂಡು ಹೋಗುತ್ತಿದ್ದರು. ಒಂದು ಮಳೆಗಾಲದ ಸಂಜೆ, ಕರೆಂಟಿಲ್ಲ, ಮೊಬೈಲ್ ಬೆಳಕಿನಲ್ಲಿ ಚೀಟಿ ಓದಿ ಹೊಟ್ಟೆಯುರಿಗೆ ಬರೆದಿದ್ದರ ಬದಲು ಸಕ್ಕರೆ ಕಾಯಿಲೆಯ ಮಾತ್ರೆ ಕೊಟ್ಟುಬಿಟ್ಟೆ. ಎರಡೂ ಹೆಸರಿನ ಮೊದಲ ಮೂರಕ್ಷರ ಒಂದೇ. ಆ ಅಜ್ಜನ ಮೊಮ್ಮಗಳು ಕಾಲೇಜು ಓದುತ್ತಿದ್ದಳು, ಪಟ್ಟಿಯನ್ನೂ ಚೀಟಿಯನ್ನೂ ಪಕ್ಕ ಪಕ್ಕ ಇಟ್ಟು ನೋಡಿ ಅರ್ಧ ಗಂಟೆಯೊಳಗೆ ಓಡಿ ಬಂದಳು. ಅವಳು ಬರದೆ ಅಜ್ಜ ಊಟ ಬಿಟ್ಟು ಆ ಮಾತ್ರೆ ನುಂಗಿ ಮಲಗಿದ್ದರೆ ಅನ್ನುವುದನ್ನು ಇವತ್ತಿಗೂ ಯೋಚಿಸಲಾರೆ. ಆದ್ದರಿಂದ ಮನೆಗೆ ಹೋಗುವ ಮುಂಚೆ, ಕೌಂಟರಿನಲ್ಲೇ, ಪಟ್ಟಿಯ ಹೆಸರು ಮತ್ತು ಚೀಟಿಯ ಹೆಸರನ್ನು ಅಕ್ಷರ ಅಕ್ಷರ ಹೊಂದಿಸಿ ನೋಡಿ. ಇಂಗ್ಲಿಷ್ ಬಾರದಿದ್ದರೆ "ನೀವೇ ಓದಿ ಹೇಳಿ, ಇದು ಯಾವುದಕ್ಕೆ?" ಎಂದು ಕೇಳಿ. ವಿವರಿಸುವುದು ನಮ್ಮ ಕೆಲಸದ ಭಾಗವೇ.

ವೈದ್ಯರು ತಮ್ಮ ಕ್ಲಿನಿಕ್ಕಿನಿಂದಲೇ ಔಷಧಿ ಕೊಡಬಹುದೇ? ಕೊಡಬಹುದು, ತಾವು ನೋಡಿದ ರೋಗಿಗೆ ಮಾತ್ರ. ನಿಯಮಗಳ ಷೆಡ್ಯೂಲ್ ಕೆ ಈ ವಿನಾಯಿತಿ ಕೊಡುತ್ತದೆ. 2023ರಲ್ಲಿ ಚೆನ್ನೈನ ಚರ್ಮವೈದ್ಯರೊಬ್ಬರ ಮೇಲೆ ಲೈಸೆನ್ಸ್ ಇಲ್ಲದೆ ಔಷಧಿ ಇಟ್ಟಿದ್ದಾರೆಂದು ಹೂಡಿದ್ದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ ಇದರ ಆಧಾರದ ಮೇಲೇ ರದ್ದುಪಡಿಸಿತು. ಸ್ವಲ್ಪವೇ ಔಷಧಿ, ತಮ್ಮ ರೋಗಿಗಳಿಗಾಗಿ, ಅಂಗಡಿ ತೆರೆದಿಲ್ಲ. ಆದರೆ ವಿನಾಯಿತಿಗೆ ಷರತ್ತುಗಳಿವೆ. ಲೈಸೆನ್ಸ್ ಇರುವವರಿಂದ ಕೊಂಡಿರಬೇಕು, ಖರೀದಿ ದಾಖಲೆ ಇರಬೇಕು, ಚೀಟಿ ಔಷಧಿಯಾದರೆ ಪೊಟ್ಟಣದ ಮೇಲೆ ವೈದ್ಯರ ಹೆಸರು-ವಿಳಾಸ, ಎಷ್ಟು ತೆಗೆದುಕೊಳ್ಳಬೇಕೆಂಬುದು ಬರೆದಿರಬೇಕು. ಬಿಳಿ ಕವರಿನಲ್ಲಿ ಮೂರು ಬಣ್ಣದ ಬಿಡಿ ಮಾತ್ರೆ ಹಾಕಿ "ಬೆಳಗ್ಗೆ ಕೆಂಪು, ರಾತ್ರಿ ಹಳದಿ" ಅನ್ನುವ ಪದ್ಧತಿಗೆ ಅದು ರಕ್ಷಣೆ ಅಲ್ಲ. ಹೆಸರು ಬರೆದುಕೊಡಿ ಎಂದು ಕೇಳಲೇಬೇಕು. ನಾಳೆ ಮೈಮೇಲೆ ಗಂಧೆ ಎದ್ದರೆ ದೊಡ್ಡಾಸ್ಪತ್ರೆಯಲ್ಲಿ "ಕೆಂಪು ಮಾತ್ರೆ" ಎಂದರೆ ಯಾರಿಗೂ ಅರ್ಥವಾಗುವುದಿಲ್ಲ.

ಆಶಾ ಕಾರ್ಯಕರ್ತೆ ಕಬ್ಬಿಣಾಂಶದ ಮಾತ್ರೆ, ಒಆರ್‌ಎಸ್, ಜಿಂಕ್, ಗರ್ಭನಿರೋಧಕ ಮಾತ್ರೆ ಕೊಡುವುದು, ಕ್ಷಯದ ಮಾತ್ರೆ ನುಂಗಿಸುವುದು ಸರ್ಕಾರಿ ಕಾರ್ಯಕ್ರಮದ ಭಾಗ. ಲೈಸೆನ್ಸ್ ಇಲ್ಲದೆ ಕೊಡುವ ವಿನಾಯಿತಿ ಉಪಕೇಂದ್ರ, ಅಂಗನವಾಡಿಗೂ ಇದೆ. ಈಗ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳೂ ಇದ್ದಾರೆ, ಹೆಚ್ಚಾಗಿ ನರ್ಸಿಂಗ್ ಓದಿ ಆರು ತಿಂಗಳ ತರಬೇತಿ ಪಡೆದವರು. ಪಿಎಚ್‌ಸಿ ವೈದ್ಯರು ಶುರುಮಾಡಿದ ಬಿಪಿ, ಸಕ್ಕರೆ ಮಾತ್ರೆಯನ್ನು ಪ್ರತಿ ತಿಂಗಳು ಅವರ ಹತ್ತಿರ ಪಡೆಯಬಹುದು. ಆವತ್ತು ಸೆರಗಿನ ಗಂಟು ಬಿಚ್ಚಿದ ಅಕ್ಕನಿಗೆ ನಾನು ಕೊನೆಗೆ ಹೇಳಿದ್ದೂ ಇದನ್ನೇ: ತಾಲ್ಲೂಕು ಆಸ್ಪತ್ರೆಗೆ ಹೋಗಿ, ಹೊರರೋಗಿ ಚೀಟಿಗೆ ಹತ್ತಿಪ್ಪತ್ತು ರೂಪಾಯಿ, ಮಾತ್ರೆ ಅಲ್ಲೇ ಪುಕ್ಕಟೆ. "ಅಲ್ಲಿ ಸಾಲು ಯಾರು ನಿಲ್ತಾರೆ" ಅಂದರು. ಆದರೂ ಹೋದರು.

ಹೆಜ್ಜೆ 5: ಸೂಜಿ ಹಿಡಿದವರು ಯಾರು?

ಅಪಾಯ ಹೆಚ್ಚಿರುವುದು ಇಲ್ಲಿ. ನುಂಗಿದ ಮಾತ್ರೆಯನ್ನು ಒಮ್ಮೊಮ್ಮೆ ಆಸ್ಪತ್ರೆಯಲ್ಲಿ ಹೊಟ್ಟೆ ತೊಳೆದು ತೆಗೆಯಬಹುದು, ಚುಚ್ಚಿದ್ದನ್ನು ಹೊರತೆಗೆಯುವುದಕ್ಕೆ ಆಗುವುದಿಲ್ಲ.

ಇಂಜೆಕ್ಷನ್, ಡ್ರಿಪ್ ಹಾಕುವುದು ವೈದ್ಯರು, ಅಥವಾ ವೈದ್ಯರ ಲಿಖಿತ ಸೂಚನೆಯ ಮೇಲೆ ನೋಂದಾಯಿತ ನರ್ಸ್. ಆಸ್ಪತ್ರೆಯಲ್ಲಿ ಆ ಸೂಚನೆ ಕೇಸ್ ಶೀಟಿನಲ್ಲಿರುತ್ತದೆ. ಹಾಸಿಗೆಯ ಪಕ್ಕ ಕೂತವರು ನೀವಾದರೆ, ನರ್ಸ್ ಬಂದಾಗ "ಸಿಸ್ಟರ್, ಇದು ಯಾವ ಇಂಜೆಕ್ಷನ್? ಇವರಿಗೆ ಪೆನಿಸಿಲಿನ್ ಆಗಲ್ಲ" ಎಂದು ಹೇಳುವುದು ನಿಮ್ಮ ಕೆಲಸ. ಒಳ್ಳೆಯ ಸಿಸ್ಟರ್ ಬೇಸರ ಮಾಡಿಕೊಳ್ಳುವುದಿಲ್ಲ, ಶೀಟು ತಿರುಗಿಸಿ ತೋರಿಸುತ್ತಾರೆ. ಮನೆಗೆ ಬಂದು ಇಂಜೆಕ್ಷನ್ ಹಾಕುವ ನರ್ಸಿಗೂ ಚೀಟಿ ಬೇಕೇ ಬೇಕು.

ನಮ್ಮೂರಿನ ಎಎನ್‌ಎಂ ಸಿಸ್ಟರ್‌ಗೆ, ಅಂದರೆ ಉಪಕೇಂದ್ರದ ಆರೋಗ್ಯ ಸಹಾಯಕಿಗೆ, ಮಾತ್ರ ಕೆಲವು ಸಂದರ್ಭಗಳಲ್ಲಿ ವೈದ್ಯರಿಗಾಗಿ ಕಾಯದೆ ಮುಂದುವರಿಯುವ ಅಧಿಕಾರವನ್ನು ಕೇಂದ್ರದ ಹೆರಿಗೆ ಮಾರ್ಗಸೂಚಿಗಳು ಕೊಟ್ಟಿವೆ, ತಕ್ಕ ತರಬೇತಿ ಆಗಿದ್ದರೆ. ಹೆರಿಗೆಯಾದ ಕೂಡಲೆ ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್. ಗರ್ಭಿಣಿಗೆ ಬಿಪಿ ಏರಿ ಫಿಟ್ಸ್ ಬಂದರೆ ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸು. ರಾತ್ರಿ ಎರಡು ಗಂಟೆಗೆ ಆಕೆ ಸೂಜಿ ತೆಗೆದರೆ "ಡಾಕ್ಟ್ರು ಬರಲಿ" ಎಂದು ತಡೆಯಬೇಡಿ. ನಿಯಮ ಆಕೆಯ ಕೈ ಹಿಡಿದಿರುವುದು ಇಂಥ ಹೊತ್ತಿಗಾಗಿಯೇ. ಮಕ್ಕಳ ಲಸಿಕೆಯೂ ಅವರದೇ ಕೆಲಸ.

ಮೆಡಿಕಲ್ ಶಾಪಿನಲ್ಲಿ ಇಂಜೆಕ್ಷನ್? "ಟಿಟಿ ಒಂದು ಹಾಕ್ಬಿಡಿ ಅಣ್ಣ, ಮೊಳೆ ಚುಚ್ಚಿದೆ" ಅಂತ ವಾರಕ್ಕೆ ಇಬ್ಬರಾದರೂ ತೋಳು ಮಡಿಸಿ ನಿಲ್ಲುತ್ತಾರೆ. ನನ್ನ ಲೈಸೆನ್ಸ್ ಇರುವುದು ಮಾರುವುದಕ್ಕೆ, ಚುಚ್ಚುವುದಕ್ಕೆ ಅಲ್ಲ. ಅಲರ್ಜಿಯಾಗಿ ಉಸಿರು ಕಟ್ಟಿದರೆ ಅಲ್ಲಿ ಆಮ್ಲಜನಕವೂ ಇರುವುದಿಲ್ಲ, ನೋಡಿಕೊಳ್ಳುವ ವೈದ್ಯರೂ ಇರುವುದಿಲ್ಲ.

ನಮ್ಮಪ್ಪನಿಗೆ ಸೊಂಟನೋವು ಬಂದಾಗ ನಾನು ಊರಲ್ಲಿರಲಿಲ್ಲ. ಬೈಕಿನ ಡಾಕ್ಟ್ರು ಬಂದು ನೋವಿನ ಇಂಜೆಕ್ಷನ್ ಕೊಟ್ಟು ಹೋದರು. ಸಂಜೆಗೆ ಅಪ್ಪ ಎದ್ದು ಓಡಾಡಿದರು, ಊರೆಲ್ಲ ಹೊಗಳಿದರು. ನಾಲ್ಕನೇ ದಿನ ಚುಚ್ಚಿದ ಜಾಗದಲ್ಲಿ ನಿಂಬೆಹಣ್ಣಿನಷ್ಟು ಗಂಟು, ಮುಟ್ಟಿದರೆ ಬೆಂಕಿ. ಕೀವು ತೆಗೆಸಿ ಡ್ರೆಸಿಂಗ್ ಮಾಡಿಸಲು ಮೂರು ವಾರ ಓಡಾಡಿದೆವು. "ಒಳ್ಳೆ ಕೈಗುಣ" ಎಂದು ಅಪ್ಪ ಆಮೇಲೂ ಹೇಳುತ್ತಿದ್ದರು. ಆಗ ನನಗೆ ಬಂದ ಸಿಟ್ಟು ಆ ಮನುಷ್ಯನ ಮೇಲಿಗಿಂತ ಹೆಚ್ಚಾಗಿ ಆ ಮಾತಿನ ಮೇಲೆ.

ಇನ್ಸುಲಿನ್ ಲೆಕ್ಕವೇ ಬೇರೆ. ವೈದ್ಯರು ಬರೆದು, ನರ್ಸ್ ಕಲಿಸಿಕೊಟ್ಟ ಮೇಲೆ ರೋಗಿ ತಾವೇ ಅಥವಾ ಮನೆಯವರು ಹಾಕಬಹುದು. ಯೂನಿಟ್ ಎಷ್ಟು ಎಂಬುದನ್ನು ಕಾಗದದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮಿ.ಲೀ.ಗೆ 40 ಯೂನಿಟ್ ಇರುವ ಬಾಟಲಿಗೆ 40ರ ಸಿರಿಂಜು, 100ರದ್ದಕ್ಕೆ 100ರದ್ದು. ಇದು ಅದಲು ಬದಲಾಗಿ ಅನಾಹುತ ಆಗುವುದುಂಟು.

ಹಸುವಿನ ಔಷಧಿಯನ್ನು ಮನುಷ್ಯರಿಗೆ, ಮನುಷ್ಯರದ್ದನ್ನು ಹಸುವಿಗೆ ಹಾಕುವವರೂ ಇದ್ದಾರೆ. ಡೈಕ್ಲೋಫೆನಾಕ್ ಅನ್ನು ಜಾನುವಾರಿಗೆ ಕೊಡುವುದಕ್ಕೆ 2006ರಲ್ಲೇ ನಿಷೇಧ ಬಂತು. ಆ ದನದ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ಮನುಷ್ಯರ ದೊಡ್ಡ ಬಾಟಲಿಯನ್ನು ದನಕ್ಕೆ ಬಳಸುತ್ತಾರೆಂದು 2015ರಲ್ಲಿ ಅದನ್ನು 3 ಮಿ.ಲೀ.ನ ಒಂದೇ ಡೋಸಿನ ಸೀಸೆಗೆ ಇಳಿಸಿದರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಹದ್ದುಗಳಿಗಾದರೂ ಪಶುವೈದ್ಯರ ಚೀಟಿ ಕೇಳಿ.

ಹೆಜ್ಜೆ 6: ಎಡವಟ್ಟಾದರೆ

ಔಷಧಿಯಿಂದ ಮೈಗೆ ತೊಂದರೆಯಾದರೆ ಮೊದಲು ಆಸ್ಪತ್ರೆ, ಆಮೇಲೆ 1800-180-3024ಕ್ಕೆ ಕರೆ. ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಉಚಿತ ಸಹಾಯವಾಣಿ ಅದು, ರೋಗಿಗಳೂ ಮಾಡಬಹುದು. ನಕಲಿ ವೈದ್ಯರು, ನೋಂದಣಿ ಇಲ್ಲದ ಕ್ಲಿನಿಕ್ ಬಗ್ಗೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದುಕೊಡಿ. ಕೆಪಿಎಂಇ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಯೇ. ಅಂಗಡಿಯ ಮೇಲಾದರೆ ಔಷಧ ನಿಯಂತ್ರಣದವರಿಗೆ. ಲೈಸೆನ್ಸೇ ಇಲ್ಲದೆ ಔಷಧಿ ಮಾರಿದವರಿಗೆ ಕನಿಷ್ಠ ಮೂರು ವರ್ಷ ಜೈಲು ಇದೆ.

ಇದಕ್ಕೆಲ್ಲ ಒಂದು ಸಾಕ್ಷಿ ಬೇಕು, ಅದು ಬಿಲ್ಲು. ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು ಅದರಲ್ಲಿರುತ್ತದೆ. ಹತ್ತು ರೂಪಾಯಿ ಮಾತ್ರೆಯಾದರೂ ಕೇಳಿ ಪಡೆಯಿರಿ. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರು ಮತ್ತು ತಾರೀಖು ಇರುವ ತುದಿ ಯಾರ ಕೈಯಲ್ಲಿ ಉಳಿಯುತ್ತದೆ ಎಂದು ಗಮನಿಸಿ. ಅದು ನಿಮ್ಮ ಪಾಲಿಗೆ ಬರದಿದ್ದರೆ, ಅಲ್ಲೇ ಪೆನ್ನು ಕೇಳಿ ಕವರಿನ ಮೇಲೆ ಬರೆಸಿಕೊಳ್ಳಿ.